ಎರಡು ಸ್ಟಾಪ್ ಬೆಳಕಿಗೆ ಮಾಯವಾದ ತೊನ್ನು

ಆ ಮುಲಾಮಿಗೆ ಕರ್ಪೂರ, ಗಂಧಕ ಮತ್ತು ಹಳಸಿದ ಬೆಳ್ಳುಳ್ಳಿ ಸೇರಿದಂಥ ಒಂದು ವಾಸನೆ ಇತ್ತು. ಶಿಬಿರ ಮುಗಿಸಿ ಬಸ್ಸಿನಲ್ಲಿ ಸಿಂದಗಿಗೆ ಬರುವಾಗ ಪಕ್ಕದಲ್ಲಿ ಕೂತವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಸರಿದು ಕೂರುತ್ತಿದ್ದರು. ಮನೆಗೆ ಬಂದು ಸೋಪು ಹಚ್ಚಿ ಕೈ ತೊಳೆದರೂ ರೊಟ್ಟಿ ಮುರಿಯುವಾಗ ಮತ್ತೆ ಮೂಗಿಗೆ ಬಡಿಯುತ್ತಿತ್ತು. ಮೊದಮೊದಲು ನನಗೆ ಅಸಹ್ಯವಾದದ್ದು ಆ ವಾಸನೆಯೊಂದೇ. ಅದನ್ನು ಹಂಚುವ ಮನುಷ್ಯನ ಬಗ್ಗೆ ಹೇಸಿಗೆ ಹುಟ್ಟಲು ಇನ್ನೂ ಒಂದು ತಿಂಗಳು ಬೇಕಾಯಿತು.

ಸಿಂದಗಿಯಲ್ಲಿ ನಾವು ಗಂಡ ಹೆಂಡತಿ ನಡೆಸುವ ಸಣ್ಣದೊಂದು ಫೋಟೊ ಸ್ಟುಡಿಯೊ ಇದೆ. ಮದುವೆಗಳಿಗೆ ನಮ್ಮವರು ಹೋಗುತ್ತಾರೆ. ಅಂಗಡಿಯೊಳಗಿನ ಪಾಸ್‌ಪೋರ್ಟ್ ಫೋಟೊ, ಬಸುರಿಯರ ಕುಬಸ, ಹೆಣ್ಣುಮಕ್ಕಳೇ ಸೇರುವ ಕಾರ್ಯಕ್ರಮಗಳು ನನ್ನ ಪಾಲಿಗೆ. ಒಂದು ಬೆಳಿಗ್ಗೆ ಬಿಳಿ ಸಫಾರಿ ತೊಟ್ಟ, ಹೊರಜಿಲ್ಲೆಯ ಒಬ್ಬರು ಅಂಗಡಿಗೆ ಬಂದರು. ತಮ್ಮನ್ನು ಡಾಕ್ಟರ್ ಎಂದು ಪರಿಚಯಿಸಿಕೊಂಡರು. ಜೊತೆಗಿದ್ದ ಡ್ರೈವರ್ ಅವರನ್ನು 'ಸಾಹೇಬ್ರು' ಎನ್ನುತ್ತಿದ್ದ. ನಾನೂ ಹಾಗೇ ಕರೆಯುತ್ತೇನೆ, ಯಾಕೆಂದರೆ ಡಾಕ್ಟರ್ ಎನ್ನಲು ಈಗ ಬಾಯಿ ಬರುವುದಿಲ್ಲ.

"ತೊನ್ನಿಗೆ ಔಷಧ ಕೊಡ್ತೇನ್ರಿ ಮೇಡಂ," ಎಂದರು. "ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಕೂ ಊರಾಗ ತಿಂಗಳಿಗೊಂದು ಸಲ ಶಿಬಿರ. ಹೆಣ್ಮಕ್ಕಳಿಗೆ ಬೆನ್ನ ಮ್ಯಾಲ, ತೊಡಿ ಮ್ಯಾಲ ಕಲಿ ಇರ್ತಾವು. ಗಂಡಸು ಫೋಟೊದವನ ಮುಂದ ತೋರ್ಸೂದಿಲ್ಲ ಅಂತಾರ. ನೀವು ಬಂದ್ರ ಅವರಿಗೂ ಮರ್ಯಾದಿ, ನಮಗೂ ದಾಖಲೆ."

ನಮ್ಮವರು ನನ್ನ ಮುಖ ನೋಡಿದರು. ನಾನು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಖುಷಿಯಿಂದಲೇ ಒಪ್ಪಿಕೊಂಡೆ. ನಮ್ಮ ಅಂಗಡಿಗೆ ಬರುವವರ ಬೇಡಿಕೆ ಒಂದೇ, "ತುಸು ಬೆಳ್ಳಗ ಮಾಡ್ರಿ". ಮದುಮಗಳಿಗೆ ಬೆಳ್ಳಗೆ, ಸತ್ತ ಅಜ್ಜನಿಗೂ ಬೆಳ್ಳಗೆ. ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಡಿ ಎಂದು ಕೇಳಿದವರು ಇವರೇ ಮೊದಲು.

ಮೊದಲ ಶಿಬಿರ ಇಂಡಿಯಲ್ಲಿ, ನಿಂಬೆಹಣ್ಣಿನ ಪೇಟೆಯ ಹಿಂದಿನ ಒಂದು ಮದುವೆ ಕಾರ್ಯಾಲಯದಲ್ಲಿ. ಹಿಂದಿನ ಕೋಣೆಯಲ್ಲಿ ಪರದೆ ಕಟ್ಟಿ ನನಗೆ ಜಾಗ ಮಾಡಿಕೊಟ್ಟಿದ್ದರು. ಕ್ಯಾಮರಾವನ್ನು ಸ್ಟ್ಯಾಂಡಿಗೆ ಬಿಗಿದೆ. ಕಿಟಕಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿದೆ. ಆಮೇಲೆ ಸೆಟ್ಟಿಂಗ್. ಈ ಭಾಗವನ್ನು ತುಸು ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದೆ ನಡೆದದ್ದೆಲ್ಲ ಇದರ ಮೇಲೆ ನಿಂತಿದೆ.

ಕ್ಯಾಮರಾಕ್ಕೆ ಮುಖ ಯಾವುದು, ತೊನ್ನು ಯಾವುದು ಗೊತ್ತಿಲ್ಲ. ಆಟೊದಲ್ಲಿ ಬಿಟ್ಟರೆ ಅದು ಎದುರಿಗಿದ್ದುದನ್ನೆಲ್ಲ ಒಂದು ನಡುವಿನ ಬೂದು ಬಣ್ಣಕ್ಕೆ ತಂದು ನಿಲ್ಲಿಸಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ಬುರ್ಖಾ ಇದ್ದರೆ ಕತ್ತಲೆಯಿದೆ ಎಂದುಕೊಂಡು ಬೆಳಕು ಏರಿಸುತ್ತದೆ, ಕೈ ಬೆಳ್ಳಗಾಗುತ್ತದೆ. ಬಿಳಿ ಸೀರೆ ತುಂಬಿದ್ದರೆ ಬೆಳಕು ಇಳಿಸುತ್ತದೆ, ಅದೇ ಕೈ ಕಪ್ಪಾಗುತ್ತದೆ. ಚರ್ಮದ ದಾಖಲೆಗೆ ಇದು ಉಪಯೋಗವಿಲ್ಲ. ಹಾಗಾಗಿ ಮ್ಯಾನುಯಲ್. ಬೆಳಕಿಗೆ ಮೂರು ಹಿಡಿತಗಳಿವೆ: ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ, ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಒಳಗಿನ ಸೆನ್ಸರ್ ಎಷ್ಟು ಚುರುಕಾಗಿದೆ. ಮೂರನೆಯದಕ್ಕೆ ಐಎಸ್‌ಒ ಎನ್ನುತ್ತಾರೆ. ಚರ್ಮದ ಪಕ್ಕದಲ್ಲಿ ಒಂದು ಬೂದು ಕಾರ್ಡು ಹಿಡಿಸಿ, ಆ ಕಾರ್ಡು ಕ್ಯಾಮರಾದ ಪರದೆಯ ಮೇಲೆ ಸರಿಯಾಗಿ ಬೂದಾಗಿಯೇ ಕಾಣುವವರೆಗೆ ಮೂರನ್ನೂ ಹೊಂದಿಸಿದೆ. ಕಿಂಡಿ 5.6, ಶಟರ್ ಒಂದು ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಭಾಗ, ಐಎಸ್‌ಒ 400. ಬೆಳಕನ್ನು ಇಮ್ಮಡಿ ಮಾಡಿದರೆ ಒಂದು ಸ್ಟಾಪ್ ಏರಿತು ಎನ್ನುತ್ತೇವೆ. ಅರ್ಧ ಮಾಡಿದರೆ ಒಂದು ಸ್ಟಾಪ್ ಇಳಿಯಿತು. ಹೊಂದಿಸುವಾಗ ನಾಲ್ಕಾರು ಫೋಟೊ ಹಾಳಾಗುತ್ತವೆ. ಅವನ್ನು ಆಮೇಲೆ ಅಳಿಸುತ್ತೇವೆ, ಇಲ್ಲವೇ ಹಾಗೇ ಬಿಡುತ್ತೇವೆ. ಹಾಳಾದ ಫೋಟೊ ಯಾರಿಗೆ ಬೇಕು?

ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಪರದೆಯೊಳಗೆ ಬರುತ್ತಿದ್ದರು. ಕೆಲವರು ನನ್ನ ಕೈ ಮುಟ್ಟಬಾರದೆಂದು ತಾವೇ ದೂರ ಸರಿಯುತ್ತಿದ್ದರು. ಮುಟ್ಟಿದರೆ ಬರುವ ರೋಗ ಅದಲ್ಲ ಎಂದು ನಾನೇ ಕೈ ಹಿಡಿದು ಕಾರ್ಡಿನ ಪಕ್ಕ ಇಡುತ್ತಿದ್ದೆ. ಶಿಬಿರ ಮುಗಿದ ಮೇಲೆ ಸಾಹೇಬ್ರು ನನ್ನ ಮೆಮೊರಿ ಕಾರ್ಡಿನಲ್ಲಿದ್ದುದನ್ನೆಲ್ಲ ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡು ಕಾರ್ಡು ವಾಪಸು ಕೊಡುತ್ತಿದ್ದರು.

ಮುದ್ದೇಬಿಹಾಳದಲ್ಲಿ ಒಬ್ಬಾಕೆ ಬಂದಳು. ಬ್ಲೌಸ್ ಹೊಲಿಯುವಾಕೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಎರಡೂ ಮುಂಗೈಗಳ ಮೇಲೆ ಅಗಲವಾದ ಬಿಳಿ ಕಲೆಗಳು, ಬೆರಳ ತುದಿಗಳೂ ಬಿಳಿ. ಬಲಗೈಯಲ್ಲಿ ಹಸಿರು ಬಳೆಗಳು, ಅವುಗಳಲ್ಲೊಂದರ ಅಂಚು ಮುರಿದಿತ್ತು. ಮಣಿಕಟ್ಟಿಗೆ ಕೆಂಪು ದಾರ.

"ಮೈಅಳತಿ ತಗೊಳ್ಳಾಕ ಹೋದ್ರ ಹಿಂದ ಸರೀತಾರ್ರಿ ಅಕ್ಕಾರ," ಎಂದಳು. "ಹಳಿ ಬ್ಲೌಸ್ ಕೊಟ್ಟು, ಇದರ ಅಳತಿಗೆ ಹೊಲಿ ಅಂತಾರ. ಆಮ್ಯಾಲ ಅದೂ ನಿಲ್ಲಸ್ತಾರ. ಕಲಿ ಇದ್ರ ಇರ್ಲಿ, ಗಿರಾಕಿ ಹೋಗಬಾರದು ನೋಡ್ರಿ."

ವಿಜಯಪುರದ ಆಸ್ಪತ್ರೆಯೊಂದರಲ್ಲಿ ಆಕೆ ಚರ್ಮಕ್ಕೆ ಯಂತ್ರದಿಂದ ಬೆಳಕು ಹಾಯಿಸುವ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದಳಂತೆ. ನಿಧಾನ, ಆದರೂ ಹೋಗುತ್ತಿದ್ದಳು. ಎರಡು ಔಷಧ ಕೂಡಬಾರದೆಂದು ಸಾಹೇಬ್ರು ಅದನ್ನು ಬಿಡಿಸಿದ್ದರು.

ಅಂದು ಕೋಣೆ ಕತ್ತಲಾಗಿತ್ತು. ನಾನು ಐಎಸ್‌ಒ 1600ಕ್ಕೆ ಏರಿಸಿಕೊಂಡಿದ್ದೆ. ಸೆಖೆ ತಾಳಲಾರದೆ ಕಿಟಕಿಯ ಮೇಲಿನ ಬಾಗಿಲು ತೆಗೆಸಿದೆ, ಬೆಳಕು ಒಳಗೆ ನುಗ್ಗಿತು. ಆದರೆ ಐಎಸ್‌ಒ ಇಳಿಸುವ ಮೊದಲೇ ಒಂದು ಸಲ ಒತ್ತಿಬಿಟ್ಟಿದ್ದೆ. ಎರಡು ಸ್ಟಾಪ್ ಹೆಚ್ಚು, ಅಂದರೆ ಬೇಕಾದುದಕ್ಕಿಂತ ನಾಲ್ಕು ಪಟ್ಟು ಬೆಳಕು. ಕ್ಯಾಮರಾದ ಪರದೆಯ ಮೇಲೆ ಕೈ ಹಿಟ್ಟಿನಲ್ಲಿ ಅದ್ದಿದಂತೆ ಕಾಣಿಸಿತು. "ಇನ್ನೊಂದು ಸಲ ಹಿಡೀರಿ," ಎಂದು 400ಕ್ಕೆ ಇಳಿಸಿ ಸರಿಯಾದದ್ದು ತೆಗೆದೆ. ಆಕೆ ಎದ್ದು ಹೋದಳು. ಮುಂದಿನವರು ಬಂದರು.

ಮುಂದಿನ ತಿಂಗಳು ಮತ್ತೆ ಇಂಡಿ. ಕಾರ್ಯಾಲಯದ ಬಾಗಿಲಿಗೆ ಹೊಸದೊಂದು ಫ್ಲೆಕ್ಸ್ ಕಟ್ಟಿದ್ದರು. ಮೇಲೆ ಸಾಹೇಬ್ರ ಕೈಮುಗಿದ ಚಿತ್ರ, ಕೆಳಗೆ ಜೋಡಿ ಜೋಡಿ ಫೋಟೊಗಳು. ಎಡಕ್ಕೆ 'ಮೊದಲು', ಬಲಕ್ಕೆ 'ನಂತರ'. ಎರಡನೇ ಸಾಲಿನಲ್ಲಿ ಒಂದು ಕೈ. ಎಡಗಡೆ ಕಲೆಗಳು ಢಾಳಾಗಿವೆ. ಬಲಗಡೆ ಒಂದೂ ಇಲ್ಲ.

ಮೊದಲು ನನಗೆ ಸಂತೋಷವೇ ಆಯಿತು. ಇಷ್ಟು ಬೇಗ ಗುಣವಾಯಿತೇ ಎಂದು ಹತ್ತಿರ ಹೋದೆ. ಹತ್ತಿರದಿಂದ ನೋಡಿದಾಗ ಬಲಗಡೆಯ ಕೈಯಲ್ಲೂ ಹಸಿರು ಬಳೆಯ ಅದೇ ಅಂಚು ಮುರಿದಿತ್ತು. ಕೆಂಪು ದಾರದ ಗಂಟು ಅದೇ ಕಡೆಗೆ ವಾಲಿತ್ತು. ಪಕ್ಕದಲ್ಲಿದ್ದ ನನ್ನ ಬೂದು ಕಾರ್ಡನ್ನು ಕತ್ತರಿಸಿ ತೆಗೆದಿದ್ದರು, ಆದರೆ ಒಂದು ಮೂಲೆ ಉಳಿದಿತ್ತು. ಅದು ಬೂದಾಗಿರಲಿಲ್ಲ, ಬಿಳಿಯಾಗಿತ್ತು.

ನಾನು ಹಾಳು ಮಾಡಿದ ಫೋಟೊ ಅದು. ಅದೇ ಕೋಣೆ, ಅದೇ ಗಳಿಗೆ. ಸರಿಯಾದದ್ದು 'ಮೊದಲು' ಆಗಿತ್ತು, ಅದಕ್ಕೂ ಮೊದಲು ತೆಗೆದ ಕೆಟ್ಟದ್ದು 'ನಂತರ' ಆಗಿತ್ತು. ಉಳಿದ ಜೋಡಿಗಳನ್ನೂ ನೋಡಿದೆ. ಎಲ್ಲವೂ ನನ್ನವೇ. ಬೆಳಕು ಹೊಂದಿಸುವಾಗ ಕೈತಪ್ಪಿದ ಒಂದೊಂದನ್ನೂ ಹೆಕ್ಕಿ ತೆಗೆದಿದ್ದರು. ಚರ್ಮ ಕಂದಾಗಿರುವುದರಿಂದ ಬಿಳಿ ಕಲೆ ಎದ್ದು ಕಾಣುತ್ತದೆ. ಬೆಳಕು ಉಕ್ಕಿ ಹರಿದರೆ ಕಂದೂ ಬಿಳಿಯಾಗುತ್ತದೆ, ಬಿಳಿಗೆ ಇನ್ನೂ ಬಿಳಿಯಾಗಲು ಜಾಗವಿರುವುದಿಲ್ಲ. ಎರಡೂ ಕೂಡಿಬಿಡುತ್ತವೆ. ಅಷ್ಟೇ ಅದರ ಔಷಧ. ಫ್ಲೆಕ್ಸಿನ ಕೆಳಗೆ ಹೆಣ್ಣುಮಕ್ಕಳು ಸಾಲುಗಟ್ಟಿ ನಿಂತು ಆ ಕೈಯನ್ನು ಬೆರಳು ಮಾಡಿ ತೋರಿಸಿಕೊಳ್ಳುತ್ತಿದ್ದರು. ನಾನು ಆ ಸಾಲು ದಾಟಿ ಸಾಹೇಬ್ರನ್ನು ಹುಡುಕಿಕೊಂಡು ಹೋದೆ.

ಸಾಹೇಬ್ರು ಒಳಗೆ ಊಟಕ್ಕೆ ಕೂತಿದ್ದರು. ಮುಲಾಮು ಹಚ್ಚಿದ ಬೆರಳುಗಳನ್ನು ಟವೆಲಿಗೆ ಒರೆಸಿಕೊಂಡು ಅದೇ ಕೈಯಿಂದ ರೊಟ್ಟಿಗೆ ಝುಣಕ ಹಚ್ಚಿಕೊಳ್ಳುತ್ತಿದ್ದರು.

"ಸಾಹೇಬ್ರ, ಆ ಕೈ ಗುಣ ಆಗಿದ್ದಲ್ರಿ. ಅದು ನನ್ನ ತಪ್ಪು ಫೋಟೊ. ಬೆಳಕು ಜಾಸ್ತಿ ಆಗಿತ್ತು," ಎಂದೆ.

"ಗೊತ್ತೈತ್ರಿ," ಎಂದರು, ತಲೆ ಎತ್ತದೆ. ಬಾಯಿಯೊಳಗಿನ ತುತ್ತು ಕಾಣಿಸುತ್ತಿತ್ತು. "ನಾನೂ ಮೊದಲ ನೋಡಿ ಗಾಬರಿ ಆದೆ. ಆಮ್ಯಾಲ ವಿಚಾರ ಮಾಡಿದೆ, ಎಷ್ಟ ಚೊಲೊ ಬಂದೈತಿ! ನೀವ ಕಲಿಸಿದ್ರಿ ಮೇಡಂ ನಮಗ. ಇನ್ನ ಮ್ಯಾಲ ಒಬ್ಬೊಬ್ಬರದು ಎರಡೆರಡು ತಗೀರಿ. ಒಂದು ನಿಮ್ಮ ಲೆಕ್ಕದ್ದು, ಒಂದು ತುಸು ಬೆಳಕು ಹೆಚ್ಚ ಮಾಡಿ."

"ಇದು ಮೋಸ ಆಗತೈತಿ."

ಅವರು ನಕ್ಕರು. "ಮಂದಿಗೆ ಧೈರ್ಯ ಬೇಕ್ರಿ. ಔಷಧಿಗಿಂತ ಧೈರ್ಯ ದೊಡ್ಡದು. ನೀವು ಮದುವಿ ಹುಡುಗೀನ ಬೆಳ್ಳಗ ಮಾಡಿ ಕೊಡ್ತೀರಿಲ್ಲೊ? ಅದಕ್ಕೇನಂತೀರಿ?"

ಆ ಮನುಷ್ಯನ ಬಾಯಿಂದ ನನ್ನ ಕಸುಬಿನ ಮಾತು ಬಂದದ್ದೇ ನನಗೆ ಮೈಮೇಲೆ ಏನೋ ಹರಿದಂತಾಯಿತು. ಅಂದು ಎಲ್ಲರದೂ ಒಂದೊಂದೇ ತೆಗೆದೆ. ಬೆಳಕು ಹೊಂದಿಸಲು ತೆಗೆದ ಪ್ರತಿಯೊಂದನ್ನೂ ಅಳಿಸಿ ಕಾರ್ಡು ಕೊಟ್ಟೆ.

ಮನೆಯಲ್ಲಿ ನಮ್ಮವರಿಗೆ ಹೇಳಿದೆ. "ಬಿಟ್ಟುಬಿಡ," ಎಂದರು. "ನಾಳಿಯಿಂದ ಹೋಗಬ್ಯಾಡ. ನಮಗ್ಯಾಕ ಅವರ ಉಸಾಬರಿ?"

"ನಾ ಬಿಟ್ರೂ ಫ್ಲೆಕ್ಸ್ ಇರತೈತಿ. ಅದರಾಗಿನ ಫೋಟೊ ನಂದು."

ಮರುದಿನ ಅವರೂ ನನ್ನ ಜೊತೆಗೆ ಆರೋಗ್ಯ ಇಲಾಖೆಯ ಕಚೇರಿಗೆ ಬಂದರು, ಅಷ್ಟು ಮಾತ್ರ ಮರೆಯಬಾರದು. ಅಲ್ಲಿ ನೌಕರರೊಬ್ಬರು ನಾವು ಹೇಳಿದ್ದನ್ನೆಲ್ಲ ಕೇಳಿದರು, ಚಹಾ ಕುಡಿದರು, ಕೊನೆಗೆ "ನೀವು ರೋಗಿ ಏನ್ರಿ?" ಎಂದರು. ಅಲ್ಲ ಎಂದೆವು. "ರೋಗಿನ ಬಂದು ತಕರಾರು ಕೊಡಬೇಕಾಗತೈತಿ. ಫೋಟೊ ಬೆಳ್ಳಗ ಬಂದೈತಿ ಅಂತ ನಾವು ಯಾರ ಮ್ಯಾಲ ಕೇಸ್ ಹಾಕೂಣು?" ಎಂದು ಪಕ್ಕದವರ ಕಡೆ ನೋಡಿ ನಕ್ಕರು. ಆ ನಗುವಿನಿಂದಲೂ ನನಗೆ ಮುಲಾಮಿನ ವಾಸನೆಯೇ ಬಂದಂತಾಯಿತು.

ಸಿಂದಗಿಯ ಶಿಬಿರಕ್ಕೆ ಮೈಯಲ್ಲಿ ಹುಷಾರಿಲ್ಲವೆಂದು ಹೋಗಲಿಲ್ಲ. ಮುದ್ದೇಬಿಹಾಳಕ್ಕೆ ಮಾತ್ರ ಹೋದೆ. ಹೊಲಿಗೆಯಾಕೆಗೆ ಹೇಳಬೇಕಿತ್ತು.

ಆಕೆ ಪರದೆಯೊಳಗೆ ಬಂದಾಗ ಎರಡೂ ಕೈಗೆ ಹಳೆಯ ಧೋತರದ ತುಂಡು ಸುತ್ತಿಕೊಂಡಿದ್ದಳು. ಬಿಚ್ಚಿದಳು. ಕಲೆಗಳಿದ್ದ ಜಾಗದಲ್ಲೆಲ್ಲ ಬೊಬ್ಬೆ ಎದ್ದು ಒಡೆದು, ಕೀವು ಹಳದಿಗಟ್ಟಿ, ಅದರ ಮೇಲೆ ಮತ್ತೆ ಆ ಕಂದು ಮುಲಾಮು ಮೆತ್ತಿತ್ತು. ಎಲ್ಲಿಂದಲೋ ನೊಣಗಳು ಬಂದವು. ಆಕೆ ಅಭ್ಯಾಸವಾದವಳಂತೆ ಕೈ ಕೊಡವಿದಳು.

"ಯವ್ವಾ, ಇದೇನ್ರಿ ಇದು!"

"ಉರೀತೈತ್ರಿ. ಉರದ್ರ ಕೆಲಸ ಮಾಡಾಕತ್ತೈತಿ ಅಂತ ಸಾಹೇಬ್ರು ಹೇಳ್ಯಾರ. ಬಿಸಲಾಗ ಕುಂದ್ರಬೇಕಂತ. ಕುಂದರ್ತೇನಿ." ಆಮೇಲೆ ಮುಖ ಅರಳಿಸಿ, "ಫ್ಲೆಕ್ಸಿನಾಗ ನನ್ನ ಕೈ ನೋಡಿದ್ರಿಲ್ರಿ ಅಕ್ಕಾರ? ಎಷ್ಟ ಚಂದ ಬಂದೈತಿ!"

"ಆದ್ರ ಕೈ ಮ್ಯಾಲ ಕಲಿ ಹಂಗ ಅದಾವಲ್ರಿ. ನಿಮಗ ಕಾಣವಲ್ದೇನು?"

"ಕಾಣತಾವ್ರಿ. ಅದನ್ನ ನಾನೂ ಕೇಳಿದೆ. ಸಾಹೇಬ್ರು ತಿಳಿಸಿ ಹೇಳಿದ್ರು. ಮೊದಲ ಒಳಗಿಂದ ಗುಣ ಆಗತೈತಂತ. ನಮ್ಮ ಕಣ್ಣಿಗೆ ಅದು ಕಾಣೂದಿಲ್ಲಂತ, ದೊಡ್ಡ ಕ್ಯಾಮರಾಕ್ಕ ಮೊದಲ ಕಾಣತೈತಂತ. ಎಕ್ಸ್‌ರೇ ಇದ್ದಂಗ. ಹೊರಗ ಬರೂದಷ್ಟ ಉಳದೈತಿ ಅಂದ್ರು. ಅದಕ್ಕ ಈಗ ದಪ್ಪಗ ಹಚ್ಚಾಕತ್ತೇನಿ."

ಈ ಹೆಣ್ಣುಮಗಳು ತನ್ನ ಕಣ್ಣೆದುರಿನ ತನ್ನದೇ ಕೈಯನ್ನು ನಂಬದೆ, ನನ್ನ ಕೈತಪ್ಪಿನ ಒಂದು ಫೋಟೊವನ್ನು ನಂಬಿ ಚರ್ಮ ಸುಟ್ಟುಕೊಳ್ಳುತ್ತಿದ್ದಳು. ಐಎಸ್‌ಒ ಇಳಿಸಲು ಮರೆತ ಒಂದು ಗಳಿಗೆ. ನನಗೆ ಸಾಹೇಬ್ರ ಮೇಲೆ, ಆ ಫ್ಲೆಕ್ಸಿನ ಮೇಲೆ, ಸ್ಟ್ಯಾಂಡಿಗೆ ಬಿಗಿದಿದ್ದ ಕ್ಯಾಮರಾದ ಮೇಲೆ ಕೂಡ ಹೇವರಿಕೆ ಬಂತು.

ದನಿ ತಗ್ಗಿಸಿ ಹೇಳಿದೆ. ಬೆಳಕು ಹೆಚ್ಚಾಗಿತ್ತು, ಫೋಟೊ ತಪ್ಪಾಗಿತ್ತು, ಅದೇ ದಿನದ್ದು, ಮುಲಾಮು ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಹೋಗಿ. ಆಕೆಯ ಮುಖ ಗಟ್ಟಿಯಾಗುತ್ತ ಹೋಯಿತು.

"ಫೋಟೊ ನೀವ ತಗದದ್ದು. ಈಗ ನೀವ ಸುಳ್ಳ ಅಂತೀರಿ. ಕ್ಯಾಮರಾ ಸುಳ್ಳ ಹೇಳತೈತೇನ್ರಿ?"

"ಹೇಳತೈತ್ರಿ. ನಾವು ಹೇಳಿಸಿದ್ರ ಹೇಳತೈತಿ."

"ಸಾಹೇಬ್ರ ಮ್ಯಾಲ ನಿಮಗ ಏನರ ಸಿಟ್ಟಿದ್ರ ನೀವು ನೀವ ನೋಡಕೋರಿ. ನನ್ನ ನಡುವ ತರಬ್ಯಾಡ್ರಿ." ಧೋತರ ಸುತ್ತಿಕೊಂಡು ಫೋಟೊ ತೆಗೆಸದೆ ಹೊರಟುಹೋದಳು.

ಮುದ್ದೇಬಿಹಾಳದಿಂದ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಬಾಯಿಮಾತಿನಿಂದ ಆಗದು. ಆಕೆಯನ್ನು ನಂಬಿಸಿದ್ದು ಮಾತಲ್ಲ, ಚಿತ್ರ. ಬಿಡಿಸಬೇಕಾದರೂ ಚಿತ್ರವೇ ಬೇಕು, ಅದೂ ಎಲ್ಲರ ಕಣ್ಣೆದುರಿಗೆ. ಆದರೆ ರೋಗಿಗಳ ಮೈಯನ್ನು ಸಭೆಯಲ್ಲಿ ತೋರಿಸಲು ನನಗೆ ಮನಸ್ಸಿರಲಿಲ್ಲ. ಆ ಕೆಲಸ ಸಾಹೇಬ್ರು ಸಾಕಷ್ಟು ಮಾಡಿದ್ದರು.

ಆ ವಾರ ನನ್ನ ತಂಗಿಯ ಮಗಳ ಮದುವೆ ಆಗಿತ್ತು. ನನ್ನ ಕೈಯಲ್ಲಿ ಮೆಹಂದಿ ಇತ್ತು, ಪಾತ್ರೆ ತಿಕ್ಕಿ ತಿಕ್ಕಿ ಮಾಸಿ ಕಿತ್ತಳೆ ಬಣ್ಣಕ್ಕೆ ಬಂದದ್ದು. ಅಂಗಡಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದವಳಿಗೆ ಹೊಳೆಯಿತು. ಕ್ಯಾಮರಾ ತೆಗೆದು ನನ್ನ ಅಂಗೈಯ ಫೋಟೊ ತೆಗೆದೆ. ಬಳ್ಳಿ, ಹೂವು, ಎಲ್ಲ ಕಂಡವು. ಎರಡು ಸ್ಟಾಪ್ ಏರಿಸಿದೆ. ಮಸುಕಾಯಿತು, ಆದರೆ ಹೋಗಲಿಲ್ಲ. ಬಣ್ಣವಿನ್ನೂ ಗಟ್ಟಿಯಿತ್ತು. ಮೂರು ಸ್ಟಾಪ್. ಬೆರಳ ತುದಿಯಲ್ಲಿ ತುಸು ಉಳಿಯಿತು. ಟ್ಯೂಬ್‌ಲೈಟಿಗೆ ಎದುರಾಗಿ ಕೈ ತಿರುಗಿಸಿ ಇನ್ನರ್ಧ ಸ್ಟಾಪ್ ಏರಿಸಿದಾಗ ಅಂಗೈ ಬೋಳಾಗಿತ್ತು. ಯಾವ ಸೆಟ್ಟಿಂಗಿಗೆ ಎಷ್ಟು ಹೋಗುತ್ತದೆಂದು ಮೂರು ನಾಲ್ಕು ಸಲ ಮಾಡಿ ಗಟ್ಟಿ ಮಾಡಿಕೊಂಡೆ. ನಮ್ಮವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮದುವೆಗಳಲ್ಲಿ ಕ್ಯಾಮರಾವನ್ನು ಟಿವಿಗೆ ಜೋಡಿಸುವ ಉದ್ದನೆಯ ಕೇಬಲ್ ತಂದು ನನ್ನ ಚೀಲದೊಳಗೆ ಇಟ್ಟರು.

ಬಸವನ ಬಾಗೇವಾಡಿಯ ಶಿಬಿರ ದೊಡ್ಡದು. ಮನಗೂಳಿ, ನಿಡಗುಂದಿ ಕಡೆಯಿಂದಲೂ ಜನ ಬಂದಿದ್ದರು. ವೇದಿಕೆಯ ಮೇಲೆ ಒಂದು ದೊಡ್ಡ ಟಿವಿ ಇತ್ತು, ಗುಣವಾದವರ ವಿಡಿಯೊ ತೋರಿಸಲು. ಅದರ ಪಕ್ಕದ ಕುರ್ಚಿಯಲ್ಲಿ ಹೊಲಿಗೆಯಾಕೆ ಕೂತಿದ್ದಳು. ಫ್ಲೆಕ್ಸಿನ ಕೈ ಇವರದೇ ಎಂದು ಹೇಳಿಸಲು ಸಾಹೇಬ್ರು ಮುದ್ದೇಬಿಹಾಳದಿಂದ ತಮ್ಮ ಕಾರಿನಲ್ಲಿ ಕರೆತಂದಿದ್ದರು. ಕೈಗಳನ್ನು ಶಾಲಿನೊಳಗೆ ಮುಚ್ಚಿಸಿದ್ದರು.

"ಸಾಹೇಬ್ರ, ಇವತ್ತು ಫೋಟೊ ನೇರ ಟಿವಿ ಮ್ಯಾಲ ತೋರ್ಸೂಣೇನ್ರಿ? ಕೇಬಲ್ ತಂದೇನಿ," ಎಂದೆ.

ಅವರ ಮುಖ ಅರಳಿತು. "ಈಗ ತಿಳೀತ ನೋಡ್ರಿ ನಿಮಗ!" ಎಂದು ನನ್ನ ಭುಜ ತಟ್ಟಲು ಕೈ ಎತ್ತಿದರು. ಹಿಂದೆ ಸರಿದೆ.

ಕೇಬಲ್ ಜೋಡಿಸಿದೆ. ಮೊದಲು ಟಿವಿಯಲ್ಲಿ ಏನೂ ಬರಲಿಲ್ಲ. ಕೇಬಲಿನ ತುದಿ ಸರಿಯಾಗಿ ಕೂತಿರಲಿಲ್ಲ. ತೆಗೆದು ಮತ್ತೆ ಚುಚ್ಚಿದಾಗ ಚಿತ್ರ ಬಂತು. ಎಡಗೈಯನ್ನು ಕ್ಯಾಮರಾದ ಮುಂದೆ ಚಾಚಿ, ಬಲಗೈಯಿಂದ ಒತ್ತಿದೆ. ಟಿವಿಯ ತುಂಬ ನನ್ನ ಅಂಗೈ, ಮಾಸಿದ ಮೆಹಂದಿ.

"ಇದು ನನ್ನ ಕೈರಿ," ಎಂದೆ. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ದನಿ ಕೀರಲಾಗಿ ಬಂತು. "ಮೆಹಂದಿ ಕಾಣತೈತಿಲ್ರಿ?"

"ಕಾಣತೈತಿ," ಎಂದರು ಮುಂದಿದ್ದವರು.

ಒಂದೂವರೆ ಸ್ಟಾಪ್ ಏರಿಸಿ ಒತ್ತಿದೆ. ಬಳ್ಳಿ ತೆಳುವಾಯಿತು. ಮತ್ತೆ ಏರಿಸಿದೆ. ಹೂವು ಹೋಯಿತು. ಕೊನೆಯ ಸಲ ಒತ್ತಿದಾಗ ಟಿವಿಯಲ್ಲಿ ಬರಿಯ ಬಿಳಿ ಅಂಗೈ ಇತ್ತು.

"ಮೆಹಂದಿ ಹೋತ್ರಿ. ಯಾವ ಮುಲಾಮೂ ಹಚ್ಚಿಲ್ಲ." ಅದೇ ಕೈಯನ್ನು ಜನರ ಕಡೆ ತಿರುಗಿಸಿದೆ. "ಕೈ ಮ್ಯಾಲ ನೋಡ್ರಿ, ಐತೋ ಇಲ್ಲೋ?"

ಗದ್ದಲವೆದ್ದಿತು. ಒಬ್ಬ ಅಜ್ಜಿ ವೇದಿಕೆಗೆ ಬಂದು ನನ್ನ ಅಂಗೈ ಹಿಡಿದು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. "ಐತವ್ವಾ, ಹಂಗ ಐತಿ," ಎಂದು ಕೂಗಿ ಹೇಳಿದಳು.

"ಬಾಗಲದಾಗಿನ ಫ್ಲೆಕ್ಸಿನ ಕೈ ಹಿಂಗ ಬೆಳ್ಳಗ ಮಾಡಿದ್ದು. ಬೆಳಕು ಜಾಸ್ತಿ ಬಿಟ್ಟು ತಗದ ಫೋಟೊ. ತಗದಾಕಿ ನಾನ. ಎರಡೂ ಒಂದ ದಿನದ್ದು."

ಸಾಹೇಬ್ರು ಬಂದು ಕೇಬಲ್ ಎಳೆದರು. ಕ್ಯಾಮರಾ ಸ್ಟ್ಯಾಂಡ್ ಸಮೇತ ವಾಲಿತು. ಬೀಳದಂತೆ ಅಪ್ಪಿಕೊಂಡೆ. "ಇದೆಲ್ಲಾ ಕಂಪ್ಯೂಟರ್ ಆಟ! ಮಶಿನ್ ಕೆಟ್ಟೈತಿ! ಇವರಿಗೆ ಯಾರೋ ಕಲಿಸಿ ಕಳಿಸ್ಯಾರ!" ಎಂದು ಮೈಕಿನಲ್ಲಿ ಕಿರುಚಿದರು. ತುಟಿಯ ಅಂಚಿನಿಂದ ಗುಟ್ಕಾದ ಕೆಂಪು ಹನಿ ಸಫಾರಿಯ ಮೇಲೆ ಬಿತ್ತು. ಡ್ರೈವರ್ ನನ್ನ ಚೀಲವನ್ನು ಎತ್ತಿ ವೇದಿಕೆಯ ಕೆಳಕ್ಕೆ ಎಸೆದ.

ಆಗ ಹೊಲಿಗೆಯಾಕೆ ಎದ್ದು ನಿಂತಳು. ಯಾರನ್ನೂ ನೋಡಲಿಲ್ಲ. ಶಾಲಿನೊಳಗಿಂದ ಎರಡೂ ಕೈ ಹೊರಗೆ ತೆಗೆದು, ಸುತ್ತಿದ್ದ ಬಟ್ಟೆ ಬಿಚ್ಚಿ, ಮುಂದಿನ ಸಾಲಿನವರಿಗೆ ತೋರಿಸಿದಳು. ಹತ್ತಿರದವರು ಸೆರಗು ಬಾಯಿಗೆ ಒತ್ತಿಕೊಂಡರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ಅರ್ಧದಷ್ಟು ಜನ ಎದ್ದು ಹೋದರು. ಉಳಿದರ್ಧ ಅಲ್ಲೇ ಕೂತರು. ನಾನು ಚೀಲದಿಂದ ಚೆಲ್ಲಿದ್ದನ್ನು ಹೆಕ್ಕಿಕೊಂಡು ಬಾಗಿಲು ದಾಟುವಾಗ ಮುಲಾಮಿನ ಮೇಜಿನ ಮುಂದೆ ಮತ್ತೆ ಸಾಲು ನಿಂತಿತ್ತು. ಒಬ್ಬಾಕೆ ತನ್ನ ಪಕ್ಕದವಳಿಗೆ "ಅವರಿಗೆ ಹತ್ತಲಿಲ್ಲ, ನಮಗ ಹತ್ತಬಹುದು," ಎನ್ನುತ್ತಿದ್ದಳು. ಅದನ್ನು ಕೇಳಿದಾಗ ಬಂದ ಓಕರಿಕೆ ಯಾರ ಮೇಲಿನದು ಎಂದು ಈಗಲೂ ನನಗೆ ಸ್ಪಷ್ಟವಿಲ್ಲ. ಆಕೆಯ ಮೇಲಲ್ಲ, ಅಷ್ಟು ಗೊತ್ತು. ಆಕೆಯ ಕುತ್ತಿಗೆಯ ತುಂಬ ಕಲೆಗಳಿದ್ದವು, ಸೆರಗನ್ನು ಗಲ್ಲದವರೆಗೆ ಎಳೆದುಕೊಂಡಿದ್ದಳು.

ಹೊಲಿಗೆಯಾಕೆ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ವಾಪಸು ಕಾರು ಇರಲಿಲ್ಲ. ವಿಜಯಪುರದ ಬಸ್ಸು ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಆಕೆ ಒಂದೇ ಮಾತು ಆಡಿದ್ದು, ಅದೂ ಕಿಟಕಿಯ ಕಡೆ ಮುಖ ಮಾಡಿ.

"ನನ್ನ ಕಣ್ಣಿಗೆ ಕಾಣತಿತ್ರಿ. ಆದ್ರೂ ಇಲ್ಲ ಅಂದೆ."

ಮರುದಿನ ಆಕೆಯೇ ಬಂದು ಕೊಟ್ಟ ತಕರಾರನ್ನು ಆರೋಗ್ಯ ಇಲಾಖೆಯ ಕಚೇರಿಯವರು ತೆಗೆದುಕೊಳ್ಳಲೇಬೇಕಾಯಿತು. ನಮ್ಮ ನಾಲ್ಕು ಊರುಗಳಲ್ಲಿ ಶಿಬಿರ ನಿಂತಿತು. ಸಾಹೇಬ್ರು ನಿಲ್ಲಲಿಲ್ಲ. ಬೇರೆ ಜಿಲ್ಲೆಯ ಒಂದು ಪೇಟೆಯಲ್ಲಿ ಬೇರೆ ಹೆಸರಿನ ಫ್ಲೆಕ್ಸಿನ ಮೇಲೆ ಹಸಿರು ಬಳೆಯ ಅದೇ ಕೈ ಇರುವುದನ್ನು ನಮ್ಮವರು ಮದುವೆಯೊಂದಕ್ಕೆ ಹೋದಾಗ ನೋಡಿ ಬಂದರು. ಊಟ ಮಾಡುವಾಗ ಹೇಳಿದರು. ತಟ್ಟೆ ಸರಿಸಿ ಎದ್ದೆ.

ಕೈಯ ಹುಣ್ಣು ಮಾಯಲು ಬಹಳ ದಿನ ಹಿಡಿಯಿತು. ವಾಸಿಯಾದ ಮೇಲೆ ಕಲೆಗಳು ಮೊದಲಿಗಿಂತ ಅಗಲವಾಗಿದ್ದವು. ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ ಬೆಳಕಿನ ಚಿಕಿತ್ಸೆಯನ್ನು ಮೊದಲಿನಿಂದ ಶುರು ಮಾಡಿದರು, ತಿಂಗಳಿಗೊಂದು ಸರಿಯಾದ ಫೋಟೊ ಬೇಕೆಂದರು. ನಾನು ತೆಗೆದುಕೊಡುತ್ತೇನೆ ಎಂದೆ. ಹೊಲಿಗೆಯಾಕೆ ಮೊದಲೆರಡು ಸಲ ಬೇಡವೆಂದು ಬಾಗಿಲಿನಿಂದಲೇ ಕಳಿಸಿದಳು. ಮೂರನೇ ಸಲ ಸ್ಟೂಲು ಸರಿಸಿ ಕೂರಿಸಿದಳು. ಅಂದಿನಿಂದ ಮುದ್ದೇಬಿಹಾಳದ ಆಕೆಯ ಅಂಗಡಿಗೆ ಹೋಗಿ ಅದೇ ಜಾಗ, ಅದೇ ಕಿಟಕಿ, ಅದೇ ಸೆಟ್ಟಿಂಗಿನಲ್ಲಿ ತೆಗೆಯುತ್ತೇನೆ.

ಕಳೆದ ಸಲ ಹೋದಾಗ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ. ಮುಂಗೈಯ ಬಿಳಿಯ ನಡುವೆ ಆಕೆಯ ಚರ್ಮದ ಬಣ್ಣದ್ದೇ ಎರಡು ಮೂರು ಕಂದು ಚುಕ್ಕೆಗಳು. ಹೋದ ತಿಂಗಳು ಇರಲಿಲ್ಲ. ಕ್ಯಾಮರಾ ಆಕೆಯ ಕಡೆ ತಿರುಗಿಸಿ ತೋರಿಸಿದೆ. ಆಕೆ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಬೆಳಕು ಕಡಿಮಿ ಮಾಡಿ ತಗದೀರೇನ್ರಿ?"

"ಇಲ್ರಿ. ಹೋದ ತಿಂಗಳದಷ್ಟ ಐತಿ."

ಆಕೆ ನಂಬಲಿಲ್ಲ. ನಂಬಿ ಎಂದು ನಾನೂ ಹೇಳಲಿಲ್ಲ. ಹೊಲಿಗೆ ಮಶಿನ್ ಬಿಟ್ಟು ಎದ್ದು ಬಾಗಿಲಿಗೆ ಹೋಗಿ, ಹೊರಗಿನ ಬಿಸಿಲಿಗೆ ಕೈ ಚಾಚಿ, ಹತ್ತಿರ ತಂದು, ದೂರ ಹಿಡಿದು, ಬಹಳ ಹೊತ್ತು ನೋಡಿದಳು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ಏನಾಯಿತೆಂದು ಕೇಳಿದರು. ಆಕೆ ಕೈ ಹಿಂದೆಗೆಯಲಿಲ್ಲ.

"ಐತ್ರಿ," ಎಂದಳು, ನನಗೋ ಅವರಿಗೋ ತಿಳಿಯಲಿಲ್ಲ. "ಸಾಸಿವಿ ಕಾಳಿನಷ್ಟು ಐತಿ."